ಹೆಕ್ಟೇರನ್ನು ಗುಂಟೆಗೆ ಇಳಿಸುವ ಕೆಲಸ

ವಿಜ್ಞಾನ ಓದಿದ್ದೇವೆ, ಕನ್ನಡ ಬರೆಯುವ ಕೈಯೂ ಇದೆ, ಸರ್ಕಾರಿ ನೌಕರಿಯೇ ಬೇಕು ಅನ್ನುವ ಮಂಡ್ಯ, ಮದ್ದೂರು, ಮಳವಳ್ಳಿಯ ಹುಡುಗ ಹುಡುಗಿಯರಿಗೆ ಒಂದು ಮಾತು. ದೆಹಲಿಯತ್ತ ನೋಡುವ ಮೊದಲು ಒಮ್ಮೆ ಮಂಡ್ಯದ ಬಳಿಯ ವಿ.ಸಿ. ಫಾರಂಗೆ ಹೋಗಿ ಬನ್ನಿ. ಅಲ್ಲಿ ಭತ್ತ, ರಾಗಿ, ಕಬ್ಬಿನ ಸಂಶೋಧನೆ ನಡೆಯುತ್ತದೆ. ಕೃಷಿ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಸಂಶೋಧನೆಯ ಫಲವನ್ನು ರೈತರ ಮಾತಿಗೆ ತರುವವರೂ ಅಲ್ಲಿಗೆ ಬೇಕು.

ಅದು ಸುಲಭ ಅಂದುಕೊಳ್ಳಬೇಡಿ. ವರದಿಯಲ್ಲಿ 'ಹೆಕ್ಟೇರಿಗೆ 100 ಕೆಜಿ' ಎಂದಿರುತ್ತದೆ. ಮದ್ದೂರಿನ ರೈತರು ಲೆಕ್ಕ ಹಾಕುವುದು ಎಕರೆ, ಗುಂಟೆಯಲ್ಲಿ. ಎಕರೆಗೆ ಸುಮಾರು 40 ಕೆಜಿ, ಅಂದರೆ ಗುಂಟೆಗೆ ಒಂದು ಕೆಜಿ ಎಂದು ಬರೆದರೆ ಕೆಲಸವಾಯಿತು. ಕರಪತ್ರ ಬರೆದ ಮೇಲೆ ಆಲೆಮನೆಯಲ್ಲಿ ಕೂತು ಜೋರಾಗಿ ಓದಿ. ಕೇಳುವವರು ಎಲ್ಲಿ ಹುಬ್ಬು ಗಂಟಿಕ್ಕುತ್ತಾರೋ ಅಲ್ಲಿ ತಿದ್ದಿ. (ಬಿಸಿ ಬೆಲ್ಲ ಸಿಕ್ಕರೆ ನಿಮ್ಮ ಅದೃಷ್ಟ.)

ಇಂಥ ಕೆಲಸಕ್ಕೆ ಹುದ್ದೆಗಳು ಕಡಿಮೆ, ಮುಚ್ಚಿಡುವುದಿಲ್ಲ. ಕೇಂದ್ರ ಸರ್ಕಾರದ 'ವಿಜ್ಞಾನ ಪ್ರಸಾರ' ಸಂಸ್ಥೆಯೇ 2023ರಲ್ಲಿ ಬಾಗಿಲು ಹಾಕಿತು. ಕನ್ನಡದಲ್ಲಿ ವಿಜ್ಞಾನ ತಿಳಿಸಲು ಬೆಳ್ಳಾವೆ ವೆಂಕಟನಾರಣಪ್ಪನವರು ತಂದ 'ವಿಜ್ಞಾನ' ಪತ್ರಿಕೆಯೂ 1918ರಲ್ಲಿ ಶುರುವಾಗಿ ಹೆಚ್ಚು ಕಾಲ ಬಾಳಲಿಲ್ಲ. ಆದ್ದರಿಂದ ಕೃಷಿ ವಿಸ್ತರಣೆಯಲ್ಲೋ ಮೂಲ ವಿಜ್ಞಾನದಲ್ಲೋ ಸ್ನಾತಕೋತ್ತರ ಪದವಿ ಕೈಯಲ್ಲಿರಲಿ. ಅಧಿಸೂಚನೆ ಬರುವವರೆಗೆ ಕಾಯಬೇಡಿ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ದಂಥ ಪತ್ರಿಕೆಗೆ ಬರೆದು ಕಳಿಸಿ. ವಿಷಯ ಬೇಕೇ? ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಅಷ್ಟು ದೂರ ಹೇಗೆ ಹೋಯಿತೆಂದು ಏಳನೇ ತರಗತಿಯ ಮಗುವಿಗೆ ತಿಳಿಯುವಂತೆ ಬರೆಯಿರಿ, ನೋಡೋಣ.