ಒತ್ತಕ್ಷರ ಮತ್ತು ಸಾಲಿನ ಎತ್ತರ: ಕನ್ನಡ ಜಾಲಪುಟಗಳಿಗೊಂದು ಮರುಬಳಕೆಯ ಸಿ.ಎಸ್.ಎಸ್. ಚೌಕಟ್ಟು

ಮೊಳೆಜೋಡಣೆಯ ಕಾಲದಲ್ಲಿ ಸಾಲುಗಳ ನಡುವೆ ಎಷ್ಟು ಎಡೆ ಇರಬೇಕೆಂಬುದನ್ನು ಅಕ್ಷರವನ್ನು ಕಣ್ಣಾರೆ ಕಂಡವರು ನಿರ್ಧರಿಸುತ್ತಿದ್ದರು. ಜಾಲಪುಟದಲ್ಲಿ ಈ ಅಧಿಕಾರ ಸಿ.ಎಸ್.ಎಸ್. ಎಂಬ ಶೈಲಿಸೂಚಿಗೆ ಸೇರಿದ್ದು. 1994ರಲ್ಲಿ ಹೋಕನ್ ವಿಯಂ ಲೀ ಪ್ರಸ್ತಾಪಿಸಿದ ಈ ಕ್ರಮಕ್ಕೆ 1996ರ ಡಿಸೆಂಬರಿನಲ್ಲಿ ಡಬ್ಲ್ಯೂ3ಸಿ ಸಂಸ್ಥೆಯ ಮನ್ನಣೆ ದೊರೆಯಿತು. ಪಠ್ಯವನ್ನೂ ಅದರ ರೂಪವನ್ನೂ ಬೇರ್ಪಡಿಸುವುದು ಇದರ ಮೂಲತತ್ತ್ವ.

ಪ್ರತಿ ತಾಣಕ್ಕೂ ಹೊಸ ಸೂಚಿ ಬರೆಯುವ ಶ್ರಮವನ್ನು ತಪ್ಪಿಸಲು ಸಿದ್ಧ ಚೌಕಟ್ಟುಗಳು ಬಂದವು. 2011ರಲ್ಲಿ ಟ್ವಿಟರ್ ಸಂಸ್ಥೆಯಿಂದ ಹೊರಬಂದ ಬೂಟ್‌ಸ್ಟ್ರಾಪ್ ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಅದರ ಐದನೆಯ ಆವೃತ್ತಿಯಲ್ಲಿ ಸಾಲಿನ ಎತ್ತರ ಅಕ್ಷರಗಾತ್ರದ 1.5 ಪಟ್ಟು, ಶೀರ್ಷಿಕೆಗಳಲ್ಲಿ 1.2 ಪಟ್ಟು ಮಾತ್ರ. ರೋಮನ್ ಲಿಪಿಗೆ ಇದು ಸಾಕು. ಕನ್ನಡದಲ್ಲಾದರೋ ‘ರಾಷ್ಟ್ರ’, ‘ಸ್ತ್ರೀ’ ಮೊದಲಾದ ಪದಗಳ ಒತ್ತುಗಳು ಕೆಳಗಿಳಿಯುತ್ತವೆ, ಮುಂದಿನ ಸಾಲಿನ ಗುಡಿಸು ಮೇಲೇರುತ್ತದೆ. ಎರಡು ಸಾಲಿನ ಶೀರ್ಷಿಕೆಯಲ್ಲಿ ಇವೆರಡೂ ಒಂದನ್ನೊಂದು ತಾಗಬಹುದು. ಎತ್ತರವನ್ನು ಬಿಗಿದು, ಹೊರಚಾಚಿದ್ದನ್ನು ಮರೆಮಾಡುವ ಪೆಟ್ಟಿಗೆಯೊಳಗೆ ಒತ್ತು ಕತ್ತರಿಸಿಯೇ ಹೋಗಬಹುದು. ಆಗ ‘ಹಳ್ಳಿ’ ‘ಹಳಿ’ಯಾಗುತ್ತದೆ, ‘ಕತ್ತೆ’ ‘ಕತೆ’ಯಾಗುತ್ತದೆ! ಗ್ರಂಥಸಂಪಾದನೆಯಲ್ಲಿ ಲಿಪಿಕಾರನ ಕೈತಪ್ಪೆಂದು ನಾವು ಗುರುತಿಸುವಂಥ ಅಪಪಾಠವನ್ನು ಇಲ್ಲಿ ಯಂತ್ರವೇ ಹುಟ್ಟಿಸುತ್ತದೆ. ಆದ್ದರಿಂದ ಇದನ್ನು ಕೇವಲ ಅಂದದ ಪ್ರಶ್ನೆಯೆಂದು ತಂತ್ರಜ್ಞರಿಗೆ ಬಿಟ್ಟುಕೊಡುವುದು ಸರಿಯಲ್ಲ.

ಪರಿಹಾರ ಕಷ್ಟದ್ದಲ್ಲ. ಸಿದ್ಧ ಚೌಕಟ್ಟಿನ ಮೂಲ ಕಡತವನ್ನು ಮಾತ್ರ ತಿದ್ದಬಾರದು. ಹೊಸ ಆವೃತ್ತಿಯನ್ನು ಅಳವಡಿಸಿದೊಡನೆ ತಿದ್ದುಪಡಿಗಳು ಅಳಿಸಿಹೋಗುತ್ತವೆ. ಅದರ ನಂತರ ಓದಿಕೊಳ್ಳುವಂತೆ ನಮ್ಮದೇ ಕಡತವೊಂದನ್ನು ಸೇರಿಸಬೇಕು. ಅಕ್ಷರಶೈಲಿ, ಸಾಲಿನ ಎತ್ತರ, ಬಣ್ಣ, ಅಂಕಣದ ಅಗಲ ಇವುಗಳಿಗೆ ಕಡತದ ಆರಂಭದಲ್ಲಿಯೇ ಹೆಸರುಗಳನ್ನಿಟ್ಟು, ಮುಂದಿನ ಸೂತ್ರಗಳೆಲ್ಲ ಆ ಹೆಸರುಗಳನ್ನೇ ಅವಲಂಬಿಸುವಂತೆ ಬರೆಯಬೇಕು. ಕಸ್ಟಮ್ ಪ್ರಾಪರ್ಟಿ ಎನ್ನಲಾಗುವ ಈ ಸೌಲಭ್ಯದಿಂದ ಇನ್ನೊಂದು ವಿಭಾಗವೋ ಪತ್ರಿಕೆಯೋ ಸೂತ್ರಗಳನ್ನು ಮುಟ್ಟದೆ ಮೌಲ್ಯಗಳನ್ನಷ್ಟೇ ಬದಲಿಸಿಕೊಳ್ಳಬಹುದು. ಪಠ್ಯಕ್ಕೆ 1.75, ಶೀರ್ಷಿಕೆಗೆ 1.5 ಪಟ್ಟು ಯುಕ್ತವೆಂಬುದು ನನ್ನ ಅಭಿಪ್ರಾಯ. ಆದರೆ ಅಕ್ಷರಶೈಲಿ ಬದಲಾದರೆ ಈ ಅಂಕಿಗಳನ್ನೂ ಮರುಪರಿಶೀಲಿಸಬೇಕು; ಎರಡನ್ನೂ ಒಂದೇ ಎಡೆಯಲ್ಲಿಡುವುದು ಅದಕ್ಕಾಗಿಯೇ.

ಕನ್ನಡ, ಇಂಗ್ಲಿಷ್ ಎರಡೂ ಇರುವ ಪುಟದಲ್ಲಿ ಈ ಸೂತ್ರಗಳನ್ನು ಕನ್ನಡ ಭಾಗಕ್ಕೆ ಸೀಮಿತಗೊಳಿಸಬಹುದು. ಅದಕ್ಕೆ ಆ ಭಾಗದ ಭಾಷೆ ‘ಕೆಎನ್’ ಎಂದು ಪುಟದ ಸಂಕೇತದಲ್ಲಿ ನಮೂದಾಗಿರಬೇಕು. ನಮೂದನ್ನು ಮರೆತರೆ ಸೂತ್ರವಿದ್ದೂ ಫಲವಿಲ್ಲ. ವಚನ, ಷಟ್ಪದಿಗಳ ಪಾದವಿಭಾಗ ಉಳಿಯುವಂತೆ ಪ್ರತ್ಯೇಕ ವರ್ಗವೊಂದು ಬೇಕು. ಕನ್ನಡಕ್ಕೆ ಓರೆಯಕ್ಷರದ ಪರಂಪರೆ ಇಲ್ಲವಾದ್ದರಿಂದ ಒತ್ತುಕೊಡಬೇಕಾದ ಪದಗಳಿಗೆ ದಪ್ಪ ಅಕ್ಷರವೇ ಸಾಕು.

ಚೌಕಟ್ಟನ್ನು ಪರೀಕ್ಷಿಸುವಾಗ ಇಂಗ್ಲಿಷಿನ ಮಾದರಿ ವಾಕ್ಯಗಳನ್ನು ತುಂಬುವ ರೂಢಿಯಿದೆ. ಅದರ ಬದಲು ಸಂಯುಕ್ತಾಕ್ಷರಗಳು ದಟ್ಟವಾಗಿರುವ ಶಾಸ್ತ್ರಗದ್ಯದ ಪುಟವೊಂದನ್ನು ಮೊಬೈಲಿನ ಕಿರಿದಾದ ಪರದೆಯಲ್ಲಿ ತೆರೆದು ನೋಡಬೇಕು.