ಉಪ್ಪು ನಿಲ್ಲದ ಕಿಡ್ನಿ

ಸುಮಾ,

ನೀನು ಕಳಿಸಿದ ರಿಪೋರ್ಟುಗಳನ್ನು ನೋಡಿದೆ. ‘ಕ್ರಿಯಾಟಿನಿನ್ 0.7 ಇದೆ, ಕಿಡ್ನಿ ಚೆನ್ನಾಗಿದೆ, ಟೆನ್ಷನ್ ಬಿಡಿ’ ಎಂದು ನಿನ್ನನ್ನು ನೋಡಿದ ಡಾಕ್ಟರು ಹೇಳಿದರಂತೆ. ಅರ್ಧ ನಿಜ. ಕ್ರಿಯಾಟಿನಿನ್ ಹೇಳುವುದು ಕಿಡ್ನಿ ಸೋಸುವ ಕೆಲಸದ ಬಗ್ಗೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಇಳಿಯುತ್ತದೆ, ಮೂತ್ರವಾಗಿ ಹೋಗುವುದು ಒಂದೂವರೆ ಲೀಟರ್. ಉಳಿದದ್ದನ್ನು ಉಪ್ಪಿನಂಶದ ಸಮೇತ ರಕ್ತಕ್ಕೆ ಮರಳಿಸುವವು ಟ್ಯೂಬ್ಯೂಲ್ ಎಂಬ ಸಣ್ಣ ನಾಳಗಳು. ಹಬ್ಬಕ್ಕೆ ಮನೆ ಸಾಮಾನೆಲ್ಲ ಅಂಗಳಕ್ಕೆ ತಂದು, ಬೇಕಾದ್ದನ್ನು ಮತ್ತೆ ಒಳಗಿಟ್ಟು, ಬೇಡದ್ದನ್ನು ತಿಪ್ಪೆಗೆ ಹಾಕುತ್ತೇವಲ್ಲ, ಹಾಗೆ. ನಿನ್ನಲ್ಲಿ ಒಳಗಿಡುವ ಕೈಯೊಂದು ಸೋತಿರಬೇಕು.

ನಿನ್ನ ರಿಪೋರ್ಟಿನಲ್ಲಿ ಪೊಟ್ಯಾಸಿಯಂ 2.7, ಮೆಗ್ನೀಸಿಯಂ 1.2, ಎರಡೂ ಕಡಿಮೆ; ಬೈಕಾರ್ಬನೇಟ್ 32, ಅದು ಹೆಚ್ಚು. ಬಿಪಿ ಯಾವಾಗಲೂ ಕಡಿಮೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಚಿಕ್ಕಂದಿನಿಂದಲೂ ಉಪ್ಪಿನಕಾಯಿ ಜಾಡಿ ನಿನ್ನ ಕೈಗೆ ಸಿಗದಂತೆ ಇಡಬೇಕಿತ್ತು! ಇವೆಲ್ಲ ಸೇರಿದರೆ ಗಿಟೆಲ್‌ಮನ್ ಸಿಂಡ್ರೋಮ್ ಇರಬಹುದೆಂದು ನನ್ನ ಅನುಮಾನ. 1966ರಲ್ಲಿ ಅಮೆರಿಕದ ಡಾ. ಹಿಲ್ಲೆಲ್ ಗಿಟೆಲ್‌ಮನ್ ಮತ್ತು ಸಂಗಡಿಗರು ಗುರುತಿಸಿದ ಟ್ಯೂಬ್ಯೂಲ್ ಕಾಯಿಲೆ, ಸುಮಾರು 40,000 ಜನರಲ್ಲಿ ಒಬ್ಬರಿಗೆ ಬರುತ್ತದೆ ಎನ್ನುತ್ತಾರೆ. ನಾನು ಲ್ಯಾಬಿನಲ್ಲಿ ದುಡಿದವನು, ಡಾಕ್ಟರಲ್ಲ. ಹೆಸರಿಡಬೇಕಾದವರು ಅವರು.

ಯಾವ ಡಾಕ್ಟರು? ಯುರಾಲಜಿಸ್ಟ್ ಬೇಡ, ಅವರದು ಕಲ್ಲು, ಆಪರೇಷನ್ನು. ನೆಫ್ರಾಲಜಿಸ್ಟರಲ್ಲೂ ಹೆಚ್ಚಿನವರ ದಿನ ಡಯಾಲಿಸಿಸ್ಸಿನಲ್ಲೇ ಕಳೆಯುತ್ತದೆ. ಆದ್ದರಿಂದ ‘ಟ್ಯೂಬ್ಯೂಲ್ ಕಾಯಿಲೆಯ ರೋಗಿಗಳನ್ನು ನೋಡುತ್ತೀರಾ’ ಎಂದು ಫೋನಿನಲ್ಲೇ ಕೇಳು, ಸಂಕೋಚ ಬೇಡ. ಇದು ಹುಟ್ಟಿನಿಂದ ಬರುವ ಜಾತಿಯ ಕಾಯಿಲೆಯಾದ್ದರಿಂದ ಮಕ್ಕಳ ನೆಫ್ರಾಲಜಿ ವಿಭಾಗವಿರುವ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಅನುಭವ ಹೆಚ್ಚು. ಬೆಂಗಳೂರಿನ ಸೇಂಟ್ ಜಾನ್ಸ್, ವೆಲ್ಲೂರಿನ ಸಿಎಂಸಿ ಅಂಥವು. ನೀನು ದೊಡ್ಡವಳಾದರೂ ಅಲ್ಲಿಯವರು ಸರಿಯಾದ ಕಡೆ ಕಳಿಸುತ್ತಾರೆ.

‘ತೂಕ ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತೀಯಾ, ಊಟವಾದ ಮೇಲೆ ವಾಂತಿ ಮಾಡಿಕೊಳ್ಳುತ್ತೀಯಾ’ ಎಂದು ಕೇಳುತ್ತಾರೆ. ಸಿಟ್ಟಾಗಬೇಡ. ಎರಡರಿಂದಲೂ ರಕ್ತದಲ್ಲಿ ಇದೇ ಚಿತ್ರ ಬರುತ್ತದೆ. ವಾಂತಿಯಾಗುತ್ತಿದ್ದರೆ ಮೂತ್ರದಲ್ಲಿ ಕ್ಲೋರೈಡ್ ಕಡಿಮೆ, ಗಿಟೆಲ್‌ಮನ್ನಿನಲ್ಲಿ ಹೆಚ್ಚು, ಕ್ಯಾಲ್ಸಿಯಂ ಮಾತ್ರ ಕಡಿಮೆ. ಮೊದಲು ನೋಡಿದ ಡಾಕ್ಟರು ಮೂತ್ರ ಪರೀಕ್ಷೆಯನ್ನೇ ಮಾಡಿಸದೆ ಪೊಟ್ಯಾಸಿಯಂ ಸಿರಪ್ ಬರೆದು ಕಳಿಸಿದ್ದು ನನಗೆ ಸರಿಕಾಣಲಿಲ್ಲ. ಕೊನೆಗೆ ಎಸ್‌ಎಲ್‌ಸಿ12ಎ3 ಎಂಬ ಜೀನಿನ ಪರೀಕ್ಷೆಯಿಂದ ಖಚಿತವಾಗುತ್ತದೆ.

ನಿಮ್ಮಪ್ಪ ಸೋದರತ್ತೆ ಮಗಳನ್ನೇ ಮದುವೆಯಾದದ್ದು ಡಾಕ್ಟರಿಗೆ ಹೇಳು. ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನಿನ ದೋಷವಿರುವ ಪ್ರತಿ ಬಂದರೆ ಮಾತ್ರ ಈ ಕಾಯಿಲೆ. ನಿನಗಿರುವುದು ಇದೇ ಆದರೆ ನಿನ್ನ ತಮ್ಮನಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ ಇದೆ, ಅವನ ರಕ್ತವನ್ನೂ ನೋಡಿಸಿ. ಮದುವೆಗೆ ಇದು ಅಡ್ಡಿಯಲ್ಲ, ಸಂಬಂಧದೊಳಗೆ ಮಾತ್ರ ಬೇಡ.

ಬಾಳೆಹಣ್ಣು, ಎಳನೀರಿನಿಂದ ಪೊಟ್ಯಾಸಿಯಂ ಕೊರತೆ ತುಂಬುವುದಿಲ್ಲ. ಉಪ್ಪು ಧಾರಾಳವಾಗಿ ತಿನ್ನಲು ಹೇಳಿ, ಪೊಟ್ಯಾಸಿಯಂ ಕ್ಲೋರೈಡ್, ಮೆಗ್ನೀಸಿಯಂ ಬಹುಶಃ ಜೀವನಪೂರ್ತಿ ಕೊಡುತ್ತಾರೆ. ಮೆಗ್ನೀಸಿಯಂ ಒಂದೇ ಸಲಕ್ಕೆ ನುಂಗಿದರೆ ಭೇದಿಯಾಗುತ್ತದೆ, ಊಟದ ಜೊತೆ ಹಂಚಿಕೊಂಡು ತಗೋ. ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್ ಅನ್ನು ನೀನಾಗಿಯೇ ನುಂಗಬೇಡ, ಅದು ಮೆಗ್ನೀಸಿಯಂ ಇನ್ನೂ ಇಳಿಸುತ್ತದೆ.

ಎದೆ ಡವಗುಟ್ಟಿದರೆ, ತಲೆ ತಿರುಗಿ ಬಿದ್ದರೆ, ವಾಂತಿಭೇದಿ ನಿಲ್ಲದಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಎಮರ್ಜೆನ್ಸಿಗೆ ಹೋಗಿ ಇಸಿಜಿ ತೆಗೆಸು, ರಿಪೋರ್ಟುಗಳು ಕೈಯಲ್ಲಿರಲಿ.

ಇತಿ,
ನಿನ್ನ ದೊಡ್ಡಪ್ಪ