ಕಡುಬಿನೊಳಗಿನ ಮಾತ್ರೆ

ಮಲೆನಾಡಿನಲ್ಲಿ ಉಣುಗು ಎಂದ ಕೂಡಲೇ ಎಲ್ಲರ ಬಾಯಿಗೆ ಬರುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಬೇಸಿಗೆ ಹತ್ತಿರ ಬಂತೆಂದರೆ ನಮ್ಮ ಕಡೆ ದರಗು ತರಲು ಕಾಡಿಗೆ ಹೋಗುವವರು ಆರೋಗ್ಯ ಇಲಾಖೆಯವರು ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡೇ ಹೊರಡುತ್ತಾರೆ. ಹಾಗಾಗಿ ನಮ್ಮ ನಾಯಿ ಪಾಂಡುವಿಗೆ ಉಣುಗಿನಿಂದ ಜ್ವರ ಬಂದಿದೆ ಎಂದು ಸುದ್ದಿಯಾದ ಮೇಲೆ ಮನೆಗೆ ಬಂದವರೆಲ್ಲ ಜಗುಲಿ ಹತ್ತದೆ ಅಂಗಳದಲ್ಲೇ ನಿಂತು ಮಾತಾಡಿಸಿ ಹೋದರು. ಅವರ ಹೆದರಿಕೆ ಸುಮ್ಮನೆ ಬಂದದ್ದಲ್ಲ, ಆದರೆ ಕಾಯಿಲೆ ಬೇರೆ. ಮಂಗನ ಕಾಯಿಲೆ ವೈರಸ್ಸಿನದು, ಅದನ್ನು ಹರಡುವುದು ಮುಖ್ಯವಾಗಿ ಕಾಡಿನ ಉಣುಗು. ಪಾಂಡುವಿಗೆ ಬಂದದ್ದು ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದಿಂದ. ಪಶುವೈದ್ಯರು ಟಿಕ್ ಫೀವರ್ ಎನ್ನುವುದು ಹೆಚ್ಚಾಗಿ ಇದನ್ನೇ. ಇದನ್ನು ಹೊತ್ತು ತರುವ ಕಂದು ಬಣ್ಣದ ನಾಯಿ ಉಣುಗಿಗೆ ಕಾಡೇ ಬೇಕೆಂದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಅದು ಸುಖವಾಗಿ ಸಂಸಾರ ಹೂಡುತ್ತದೆ.

ಕಾಯಿಲೆಯನ್ನು ಮೊದಲು ಹಿಡಿದವರು ಅತ್ತೆ. "ಪಾಂಡು ಇವತ್ತು ಹಾಲಿನ ಗಾಡಿಗೆ ಬೊಗಳ್ಲೇ ಇಲ್ಲ ಮಾರಾಯ್ತಿ, ಅವನಿಗೆ ಎಂತ ಆಗಿದೆ ನೋಡು" ಎಂದರು. ಅನ್ನ ತಿಂದಿದ್ದ, ಕರೆದರೆ ಬಾಲ ಆಡಿಸುತ್ತಿದ್ದ, ಮೂಗು ಒದ್ದೆಯಾಗಿಯೇ ಇತ್ತು. ಮೂಗು ಒದ್ದೆಯಾಗಿದ್ದರೆ ನಾಯಿಗೆ ಜ್ವರವಿಲ್ಲ ಎಂದು ನಂಬುವವರು ನಮ್ಮಲ್ಲಿ ಬಹಳ; ಆ ಲೆಕ್ಕವನ್ನು ನಂಬುವ ಹಾಗಿಲ್ಲ. ಥರ್ಮಾಮೀಟರಿನ ತುದಿಗೆ ಸ್ವಲ್ಪ ತೆಂಗಿನೆಣ್ಣೆ ಸವರಿ ಹಿಂಭಾಗದಲ್ಲಿ ಇಟ್ಟು ನೋಡಬೇಕು. ನಾಯಿಯ ಮೈಬಿಸಿ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನಮ್ಮ ಮೈಯ ಲೆಕ್ಕ ಹಿಡಿದು 101ಕ್ಕೇ ಗಾಬರಿಯಾಗುವುದು ಬೇಡ. ಅವನದು 104 ದಾಟಿತ್ತು. ಬಾಯಿ ತೆರೆಸಿ ಒಸಡು ನೋಡಿದರೆ ಗುಲಾಬಿ ಬಣ್ಣ ಮಾಸಿ ಬಿಳಿಚಿಕೊಂಡಿತ್ತು. ಅಂಗಾತ ಮಲಗಿಸಿದಾಗ ಹೊಟ್ಟೆಯ ಕೂದಲಿಲ್ಲದ ಜಾಗದಲ್ಲಿ ಸೂಜಿ ಚುಚ್ಚಿದ ಗುರುತಿನಂಥ ಕೆಂಪು ಚುಕ್ಕೆಗಳು. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಾಗ ಚರ್ಮದ ಕೆಳಗೆ ಹೀಗೆ ರಕ್ತ ಜಿನುಗುತ್ತದೆ.

ತಾಲ್ಲೂಕಿನ ಪಶು ಆಸ್ಪತ್ರೆ ಎಂದರೆ ದನಗಳ ಆಸ್ಪತ್ರೆಯೇ. ಗಬ್ಬದ ಹಸು, ಕೆಚ್ಚಲು ಬಾವು ಎಲ್ಲ ಮುಗಿದ ಮೇಲೆ ನಾಯಿಯ ಸರದಿ. ಡಾಕ್ಟರು ಮೈ ಮುಟ್ಟಿ ನೋಡಿದ್ದಕ್ಕಿಂತ ನನ್ನನ್ನು ಕೇಳಿದ್ದೇ ಹೆಚ್ಚು. ಕೊನೆಯ ಸಲ ಹೊಟ್ಟೆ ತುಂಬಾ ತಿಂದದ್ದು ಯಾವಾಗ? ಮೂತ್ರದ ಬಣ್ಣ ಹೇಗಿದೆ? ಮಲ ಕಪ್ಪಗಿತ್ತೇ? ಮೂಗಿನಲ್ಲಿ ರಕ್ತ? ನಾಯಿ ಹೇಳಲಾರದ್ದನ್ನೆಲ್ಲ ಮನೆಯವರೇ ಹೇಳಬೇಕು. "ಗೊತ್ತಿಲ್ಲ ಸಾರ್" ಎಂದ ಪ್ರತಿ ಪ್ರಶ್ನೆಯ ಬದಲಿಗೆ ಒಂದೊಂದು ರಕ್ತಪರೀಕ್ಷೆ ಬರೆಯಬೇಕಾಗುತ್ತದೆ. ಶಿವಮೊಗ್ಗದ ಲ್ಯಾಬಿಗೆ ಕಳಿಸಿದ ರಕ್ತದಲ್ಲಿ ಪ್ಲೇಟ್‌ಲೆಟ್ ಐವತ್ತು ಸಾವಿರದ ಒಳಗಿತ್ತು. ನಾಯಿಗೆ ಎರಡು ಲಕ್ಷವಾದರೂ ಇರಬೇಕು.

ಅಲ್ಲಿಂದಾಚೆಗೆ ಡಾಕ್ಟರ ಕೆಲಸ ಸ್ವಲ್ಪ, ಅಡುಗೆಮನೆಯ ಕೆಲಸ ಬೇಕಾದಷ್ಟು. ಡಾಕ್ಸಿಸೈಕ್ಲಿನ್ ಮಾತ್ರೆ, ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ, 28 ದಿನ. ತೊಂದರೆ ಇರುವುದು ಆ 28ರಲ್ಲಿ. ಮೂರು ನಾಲ್ಕು ದಿನಕ್ಕೇ ನಾಯಿ ಎದ್ದು ಓಡಾಡುತ್ತದೆ, ಉಳಿದ ಮಾತ್ರೆ ಕಪಾಟು ಸೇರುತ್ತದೆ. ರೋಗಾಣು ಮೈಯೊಳಗೇ ಅಡಗಿ ಕೂತು, ಎಲ್ಲರೂ ಮರೆತ ಮೇಲೆ ಮೂಗಿನಲ್ಲಿ ರಕ್ತ ಸುರಿಸುತ್ತಾ ಮತ್ತೆ ಹೊರಬರುತ್ತದೆ. ಆಗ ವಾಸಿ ಮಾಡುವುದು ಮೊದಲಿಗಿಂತ ಕಷ್ಟ.

ಮಾತ್ರೆ ನುಂಗಿಸುವುದನ್ನು ಸುಲಭ ಎನ್ನುವವರು ಪಾಂಡುವನ್ನು ನೋಡಿಲ್ಲ. ಬಾಳೆಹಣ್ಣಿನಲ್ಲಿಟ್ಟರೆ ಹಣ್ಣು ಹೊಟ್ಟೆಗೆ, ಮಾತ್ರೆ ನೆಲಕ್ಕೆ. ದೋಸೆಯಲ್ಲಿ ಸುತ್ತಿದರೆ ಬಿಡಿಸಿ ತಿನ್ನುತ್ತಿದ್ದ. ಕೊನೆಗೆ ಕೈಹಿಡಿದದ್ದು ಅಕ್ಕಿ ಕಡುಬು. ಬಿಸಿ ಆರುವ ಮೊದಲೇ ಚೂರು ಮುರಿದು ನಡುವೆ ಮಾತ್ರೆ ಒತ್ತಿ ಉಂಡೆ ಮಾಡಿದರೆ ಆರಿದ ಮೇಲೆ ಸೀಳುವುದಿಲ್ಲ. ಆದರೂ ಒಂದೇ ಉಂಡೆ ಕೊಟ್ಟರೆ ಅನುಮಾನ ಪಡುತ್ತಾನೆ. ಮೊದಲು ಬರೀ ಕಡುಬು, ಆಮೇಲೆ ಮಾತ್ರೆಯದು, ಅದು ಗಂಟಲಿಗೆ ಇಳಿಯುವ ಮೊದಲೇ ಮೂರನೆಯದನ್ನು ಮೂಗಿನ ಮುಂದೆ ಹಿಡಿಯಬೇಕು. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತಾನೆ. ಇಷ್ಟಾದರೂ ಐದು ನಿಮಿಷ ಅಲ್ಲೇ ನಿಲ್ಲಬೇಕು. ದವಡೆಯ ಸಂದಿಯಲ್ಲಿ ಇಟ್ಟುಕೊಂಡು ತೆಂಗಿನ ಬುಡಕ್ಕೆ ಹೋಗಿ ಉಗಿದು ಬರುವ ವಿದ್ಯೆಯೂ ಅವನಿಗೆ ಗೊತ್ತು.

ಖಾಲಿ ಹೊಟ್ಟೆಗೆ ಕೊಟ್ಟರೆ ಈ ಮಾತ್ರೆ ವಾಂತಿ ತರಿಸುತ್ತದೆ. ಹಾಲಿನ ಜೊತೆಗೂ ಕೊಡುವಂತಿಲ್ಲ, ಹಾಲಿನ ಕ್ಯಾಲ್ಸಿಯಂ ಔಷಧಿಗೆ ಅಂಟಿಕೊಂಡು ಅದು ಮೈಗೆ ಹತ್ತದಂತೆ ಮಾಡುತ್ತದೆ. ಅತ್ತೆಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ಸೊರಗಿದ ಜೀವಕ್ಕೆ ಹಾಲು ತುಪ್ಪ ಕೊಡಬೇಡಿ ಎನ್ನುವ ಡಾಕ್ಟರು ಎಂಥ ಡಾಕ್ಟರು ಎಂದು ಅವರ ತಕರಾರು. ಸಾರಿನ ಅನ್ನದ ವಿಷಯಕ್ಕೂ ಮನೆಯಲ್ಲಿ ಜೋರು ಚರ್ಚೆಯಾಯಿತು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ರಕ್ತವೇ ಕಮ್ಮಿಯಿರುವ ನಾಯಿಗೆ ನಮ್ಮ ಮೀನುಸಾರು ಕಲಸಿ ಹಾಕುವ ಹಾಗಿಲ್ಲ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಮೆತ್ತಗಿನ ಅನ್ನ, ಅಷ್ಟೇ. ಕಾಯಿಲೆಯ ಪ್ರಾಣಿಯ ಮುಂದೆ ನಮ್ಮ ಅಕ್ಕರೆ ಬಹುಪಾಲು ತಿನ್ನಿಸುವುದರಲ್ಲೇ ಹೊರಬೀಳುತ್ತದೆ. ನೋಡಲು ಬಂದ ನೆಂಟರ ಕೈಯ ಬಿಸ್ಕತ್ತು ತಡೆಯುವಷ್ಟು ನಿಷ್ಠುರವಾಗುವುದೂ ಆರೈಕೆಯ ಒಂದು ಭಾಗವೇ.

ಜ್ವರ ಇಳಿದ ಮೇಲೆ ಉಣುಗಿನ ಬೇಟೆ. ಕಿವಿಯ ಒಳಮಡಿಕೆ, ಬೆರಳ ಸಂದಿ, ಬೆಲ್ಟಿನ ಅಡಿ, ಬಾಲದ ಬುಡ: ಅವು ಕೂರುವುದು ಇಲ್ಲೆಲ್ಲ. ರಕ್ತ ಕುಡಿದ ಹೆಣ್ಣು ಹರಳುಬೀಜದಂತೆ ಊದಿಕೊಂಡಿರುತ್ತದೆ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದು ಸಾಬೂನು ನೀರಿಗೆ ಹಾಕಬೇಕು. ಉಗುರಲ್ಲಿ ಚಿವುಟುವುದು, ಊದುಬತ್ತಿಯಿಂದ ಸುಡುವುದು, ಸೀಮೆಎಣ್ಣೆ ಸುರಿಯುವುದು ಯಾವುದೂ ಬೇಡ. ಆದರೆ ನಾಯಿಯ ಮೈಮೇಲೆ ಸಿಗುವುದು ಆ ಸಂಸಾರದ ಸಣ್ಣ ಪಾಲು ಮಾತ್ರ. ಈ ಉಣುಗು ಮರಿಯಾಗಿದ್ದಾಗಿನಿಂದ ದೊಡ್ಡದಾಗುವವರೆಗೆ ಮೂರು ಹಂತದಲ್ಲೂ ಒಮ್ಮೊಮ್ಮೆ ರಕ್ತ ಕುಡಿದು, ಪ್ರತಿಸಲ ಕೆಳಗಿಳಿದು ಗೋಡೆಯ ಬಿರುಕು ಸೇರುತ್ತದೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಏನೂ ಕುಡಿಯದೆ ಈ ಉಣುಗು ತಿಂಗಳುಗಟ್ಟಲೆ ಬದುಕಬಲ್ಲದು. ಜಗುಲಿಯ ಗೋಡೆಯಲ್ಲಿ, ಪಾಂಡು ಒರಗಿ ಮಲಗುವ ಜಾಗದಿಂದ ಎರಡು ಅಡಿ ಮೇಲೆ, ಬಲ್ಬಿನ ಬೆಳಕು ಹಿಡಿದು ನೋಡಿದಾಗ ಸಾಲುಗಟ್ಟಿ ಹತ್ತುತ್ತಿದ್ದವು. ಅವನು ಮಲಗುವ ಗೋಣಿಚೀಲಗಳನ್ನೆಲ್ಲ ಹಂಡೆಯ ಕುದಿನೀರಿಗೆ ಅದ್ದಿದೆವು.

ನಮ್ಮ ಮನೆಯ ಇನ್ನೊಂದು ತೊಡಕು ಸುಬ್ಬಿ. ಈ ಬೆಕ್ಕಿಗೆ ಪಾಂಡುವಿನ ಹೊಟ್ಟೆಗೆ ಆನಿಕೊಂಡೇ ನಿದ್ದೆ. ನಾಯಿಯ ಉಣುಗಿಗೆಂದು ಅಂಗಡಿಯಲ್ಲಿ ಸಿಗುವ ಎಷ್ಟೋ ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಗೆ ಅದರಿಂದ ತೊಂದರೆಯಿಲ್ಲ. ಬೆಕ್ಕಿನ ಮೈಗೆ ಅದನ್ನು ಅರಗಿಸಿಕೊಳ್ಳುವ ಶಕ್ತಿಯಿಲ್ಲದೆ ನಡುಕ, ಸೆಳವು ಬಂದು ಸಾಯಲೂಬಹುದು. ಮನೆಯಲ್ಲಿ ಬೆಕ್ಕೂ ಇದೆ ಎಂದು ಹೇಳಿದ್ದರಿಂದ ಡಾಕ್ಟರು ಹನಿಯ ಬದಲು ನಾಯಿ ಅಗಿದು ತಿನ್ನುವ ಮಾತ್ರೆ ಕೊಟ್ಟರು. ಸಾವಿರ ರೂಪಾಯಿ ದಾಟುವ ಮಾತ್ರೆ, ಸುಮಾರು ಮೂರು ತಿಂಗಳು ಕೆಲಸ ಮಾಡುತ್ತದೆ. ಇದನ್ನು ಮಾತ್ರ ಮಹಾರಾಯ ಕಡುಬಿಲ್ಲದೆಯೇ ತಿಂದ.

ಸುಬ್ಬಿಯ ಕಾಯಿಲೆಗಳು ಬೇರೆ ಜಾತಿಯವು. ಅಡ್ಡಾಡುವ ಗಂಡುಬೆಕ್ಕಿನ ಜೊತೆ ಜಗಳವಾಡಿ ಬಂದರೆ ಮೇಲೆ ಕಾಣುವುದು ಒಂದು ಹಲ್ಲಿನ ಸಣ್ಣ ತೂತು. ಅದು ಮುಚ್ಚಿಕೊಂಡು ಒಳಗೆ ಕೀವು ಕಟ್ಟಿ ಎರಡು ಮೂರು ದಿನದಲ್ಲಿ ನಿಂಬೆ ಗಾತ್ರಕ್ಕೆ ಬಾತುಕೊಳ್ಳುತ್ತದೆ, ಬೆಕ್ಕು ಅಟ್ಟ ಹತ್ತಿ ಕಾಣೆಯಾಗುತ್ತದೆ. ಡಾಕ್ಟರು ಕೂದಲು ಬೋಳಿಸಿ ಕೀವು ತೆಗೆದ ಮೇಲೆ ಮನೆಯಲ್ಲಿ ತೊಳೆಯಲು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಸಾಕು. ಫಿನಾಯಿಲ್, ಡೆಟಾಲ್ ಹಚ್ಚಿದರೆ ಬೆಕ್ಕು ಅದನ್ನೇ ನೆಕ್ಕುತ್ತದೆ. ಮೈ ಬಿಸಿಯಾಗಿದೆ ಎಂದು ಮನುಷ್ಯರ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆ ಜೀವ ತೆಗೆಯಬಲ್ಲದು.

ಡೇರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಈಗ ಪಾಂಡುವಿನ ಲೆಕ್ಕವೂ ಇದೆ. ಮಾತ್ರೆ ಕೊಟ್ಟ ದಿನ, ರೇಬಿಸ್ ಚುಚ್ಚುಮದ್ದಿನ ತಾರೀಕು, ತೂಕ. ಬರೆಯುವವರು ಅತ್ತೆ. ನಡುನಡುವೆ "ಅರ್ಧ ಅನ್ನ ಬಿಟ್ಟ", "ಹಾಲಿನ ಗಾಡಿಗೆ ಎರಡೇ ಸಲ ಬೊಗಳಿದ" ಎಂಬ ಷರಾ ಬೇರೆ. ಮೊನ್ನೆ ಮರುಪರೀಕ್ಷೆಗೆ ಹೋದಾಗ ಆ ಹಾಳೆಯ ಫೋಟೊ ತೋರಿಸಿದೆ. ಡಾಕ್ಟರು ಹಾಲಿನ ಲೆಕ್ಕವನ್ನೂ ಸೇರಿಸಿ ಪೂರ್ತಿ ಓದಿದರು, ಆಮೇಲೆ ಹಸುವಿನ ಹಾಲು ಯಾಕೆ ಕಮ್ಮಿಯಾಗಿದೆ ಎಂದು ಕೇಳಿದರು. ಮುಂಗಾರಿಗೆ ಮೊದಲು ಜಗುಲಿಯ ಬಿರುಕುಗಳಿಗೆ ಸಿಮೆಂಟು ಹಾಕಿಸಬೇಕು. ಕೊಟ್ಟಿಗೆ ಕಡೆಯ ಗೋಡೆ ಮುಗಿದಿದೆ, ಜಗುಲಿಯದು ಅಡಿಕೆ ಮಾರಿದ ಮೇಲೆ ಎಂದು ಯಜಮಾನರು ಮುಂದೂಡುತ್ತಿದ್ದಾರೆ.